ಬಾಡಿಗೆಗೆ ಹೋಗುವ ನಾಯಕ

ನಮ್ಮ ನರೋಣಾದಲ್ಲಿ ಆಟೊ ಓಡಿಸುವ ಪಕ್ಕದ ಮನೆಯ ಕಾಕಾನಿಗೆ ಶಂಕರ್‌ನಾಗ್ ಎಂದರೆ 1980ರ ‘ಆಟೋ ರಾಜ’. ನನಗೆ 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಗಂಡುಗಲಿ. ಸಂಶೋಧನೆಯ ಮೊದಲ ಕರಡಿನಲ್ಲಿ ಇವೆರಡನ್ನೂ ಬೇರೆ ಬೇರೆ ಅಧ್ಯಾಯಕ್ಕೆ ಹಾಕಿದ್ದೆ: ಒಂದು ಕಲೆ, ಇನ್ನೊಂದು ಮಾರುಕಟ್ಟೆ.

ಕಳೆದ ಬೇಸಿಗೆಯಲ್ಲಿ ಕಾಕಾನಿಗೆ ಗಿರೀಶ ಕಾರ್ನಾಡರ ಆ ಚಿತ್ರ ತೋರಿಸಿದೆ. ಕುರೊಸಾವಾ ಚಿತ್ರಗಳ ಸಮುರಾಯ್‌ಗಳ ಬಗ್ಗೆ ನಾನು ವಿವರಿಸುತ್ತಲೇ ಇದ್ದೆ. ಕಾಕಾ ಅಂದದ್ದು ಇಷ್ಟೇ: “ಇಂವಾ ನಮ್ಮಂಗ ಬಾಡಿಗಿಗಿ ಹೋಗಾಂವೇ ಇದ್ದಾನಲ್ಲ!”

ನನ್ನ ವಿಂಗಡಣೆ ಅಲ್ಲೇ ಕುಸಿಯಿತು. ಗಂಡುಗಲಿ ಕೂಲಿಗೆ ಕತ್ತಿ ಹಿಡಿದವನು. ದಾಯಾದಿಗಳ ಜಗಳದಲ್ಲಿ ಅವನ ಸ್ವಂತದ್ದೇನೂ ಇಲ್ಲ. ಎದುರು ಪಾಳಯದ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್ ಗಾಂಭೀರ್ಯದಿಂದ ನಿಂತರೆ, ಶಂಕರ್‌ನಾಗ್ ಚುರುಕು, ಉಡಾಫೆಗಳಿಂದ ಪಾತ್ರ ಕಟ್ಟುತ್ತಾರೆ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ತಂದ ಅದೇ ಚುರುಕು ಆಟೋ ರಾಜನ ಮೈಯಲ್ಲೂ ಇದೆ. ವ್ಯತ್ಯಾಸ ಕಥೆಯದು. ಈ ಶೌರ್ಯ ಯಾರ ಲಾಭಕ್ಕೆ ಎಂದು ಕಾರ್ನಾಡರು ಕೇಳುತ್ತಾರೆ; ಜನಪ್ರಿಯ ಚಿತ್ರ ಕೇಳದೆ ಮೆರೆಸುತ್ತದೆ. ತಾವೇ ನಿರ್ದೇಶಿಸಿ, ಪತ್ರಕರ್ತನಾಗಿ ನಟಿಸಿದ ‘ಆಕ್ಸಿಡೆಂಟ್’ನಲ್ಲಿ (1985) ಶಂಕರ್‌ನಾಗ್ ಆ ಪ್ರಶ್ನೆಯನ್ನು ಮರಳಿ ಎತ್ತಿದರು: ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗನನ್ನು ಯಾರು ಕಾಯುತ್ತಾರೆ?

1990ರ ಸೆಪ್ಟೆಂಬರ್ 30ರಂದು, 35ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಚಿತ್ರವನ್ನು ಆಟೊ ಬೆನ್ನಿಗೆ ಅಂಟಿಸಿಕೊಂಡವರು ಕಂಡಿದ್ದ ನಂಟನ್ನು ನಾನು ಅಧ್ಯಾಯ ಮಾಡುವ ಆತುರದಲ್ಲಿ ಕಡಿದುಹಾಕಿದ್ದೆ. ಈಗ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ.