ಪ್ರಸಾರದೊಡನೆ ಮುಗಿದ ಕೃತಿ: ‘ಅಕನೇಯ ಸೆಂಕಿ’ಯ ವಿಮರ್ಶೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ದೊರೆತ ಆರನೆಯ ವಿಕ್ರಮಾದಿತ್ಯನ ತಾಮ್ರಶಾಸನವು ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದುದು. ‘ಆಚಂದ್ರಾರ್ಕ’ವಾಗಿ ನಿಲ್ಲಲೆಂಬುದೇ ಇಂಥ ದಾನಶಾಸನಗಳ ಹಂಬಲ. ಒಂಬೈನೂರು ವರ್ಷಗಳ ಹಿಂದಣ ಆ ಮಾತನ್ನು ನಾವು ಇಂದೂ ಓದಬಲ್ಲೆವು. 1997ರಲ್ಲಿ ಹುಟ್ಟಿದ ಒಂದು ಕೃತಿಯನ್ನು ಮಾತ್ರ ಅದರ ನಿಜರೂಪದಲ್ಲಿ ಕಾಣಲಾರೆವು. ಅಂಥ ಕೃತಿಯನ್ನು ವಿಮರ್ಶಿಸುವ ಬಗೆ ಹೇಗೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆ ಕೃತಿ ಜಪಾನಿನ ‘ಬಿ. ಎಸ್. ಫೈರ್ ಎಂಬ್ಲೆಮ್: ಅಕನೇಯ ಸೆಂಕಿ’ ಎಂಬ ವಿಡಿಯೋ ಆಟ. ‘ಸೆಂಕಿ’ ಎಂದರೆ ಯುದ್ಧದ ಇತಿವೃತ್ತ. ಇಂಟೆಲಿಜೆಂಟ್ ಸಿಸ್ಟಮ್ಸ್ ಸಂಸ್ಥೆಯು 1990ರಲ್ಲಿ ಆರಂಭಿಸಿದ ‘ಫೈರ್ ಎಂಬ್ಲೆಮ್’ ಮಾಲೆಗೆ ಇದು ಸೇರಿದುದು. ಚದುರಂಗದಂತೆ ಮನೆಮನೆಯಾಗಿ ಸೈನಿಕರನ್ನು ನಡೆಸುವುದು, ಪ್ರತಿಯೊಬ್ಬ ಸೈನಿಕನೂ ಹೆಸರು, ಗುಣ, ಕಥೆಗಳುಳ್ಳ ಪಾತ್ರವಾಗಿರುವುದು ಈ ಮಾಲೆಯ ಲಕ್ಷಣ. ಅಂಗಡಿಯಲ್ಲಿ ಮಾರುವ ವಸ್ತುವಾಗಿ ‘ಅಕನೇಯ ಸೆಂಕಿ’ ಹೊರಬರಲಿಲ್ಲ. ನಿಂಟೆಂಡೊ ಸಂಸ್ಥೆಯು 1995ರಲ್ಲಿ ತನ್ನ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಜೋಡಿಸಲು ‘ಸ್ಯಾಟೆಲ್ಲಾವ್ಯೂ’ ಎಂಬ ಉಪಕರಣವನ್ನು ಹೊರತಂದಿತ್ತು. ಅದರ ಮೂಲಕ ಉಪಗ್ರಹದಿಂದ ಆಟವು ಮನೆಗೆ ಇಳಿಯುತ್ತಿತ್ತು. 1997ರ ಸೆಪ್ಟೆಂಬರ್ 29ರಿಂದ ಇದರ ನಾಲ್ಕು ಕಂತುಗಳು ಪ್ರಸಾರವಾದವು.

ಕಂತಿನ ಅವಧಿ ಸುಮಾರು ಒಂದು ಗಂಟೆ. ಆಟಗಾರನು ಸೈನಿಕರನ್ನು ನಡೆಸುತ್ತಿರುವಾಗಲೇ ನಟರ ಧ್ವನಿಯೂ ಸಂಗೀತವೂ ಪ್ರಸಾರವಾಗಿ ಬರುತ್ತಿದ್ದವು. ನಿಯತ ಕಾಲಕ್ಕೆ ಕಥೆ ಮುಂದುವರಿಯುತ್ತಿತ್ತು. ಆಡುವವನು ಸಿದ್ಧನೋ ಅಲ್ಲವೋ ಎಂದು ಅದು ಕಾಯುತ್ತಿರಲಿಲ್ಲ. ಈ ಕೃತಿಯ ಶಕ್ತಿಯೆಲ್ಲ ಇಲ್ಲಿದೆ. ಮೊದಲ ಕಂತಿನ ವಸ್ತು ಅಕನೇಯ ರಾಜಧಾನಿಯ ಅರಮನೆಯ ಪತನ. ಕೊನೆಯದರಲ್ಲಿ ಶತ್ರುಪಕ್ಷದ ಸೇನಾನಿ ಕಾಮ್ಯೂ, ರಾಜಕುಮಾರಿ ನೀನಾಳನ್ನು ಕಾಪಾಡಲು ನಿಲ್ಲುತ್ತಾನೆ. ಹಿಂದಿನ ಆಟಗಳಲ್ಲಿ ಗತವೃತ್ತಾಂತವಾಗಿ ಬಂದ ಸಂಗತಿಯೇ ಇಲ್ಲಿ ಕಣ್ಣೆದುರು ನಡೆಯುತ್ತದೆ. ಅರಮನೆ ಬಿದ್ದೇ ಬೀಳುವುದೆಂದು ಬಲ್ಲ ಆಟಗಾರನಿಗೆ ಉಳಿದುದು ಒಂದು ಗಂಟೆಯ ಕಾಲವಷ್ಟೆ. ಗಡಿಯಾರವೇ ಇಲ್ಲಿ ವಿಧಿಯ ಪಾತ್ರವನ್ನು ವಹಿಸಿದೆ.

ದೋಷಗಳೂ ಇಲ್ಲದಿಲ್ಲ. ಕಂತಿನಿಂದ ಕಂತಿಗೆ ಪಾತ್ರವರ್ಗ ಬದಲಾಗುವುದರಿಂದ, ದುರ್ಬಲನಾದ ಸೈನಿಕನನ್ನು ಬಹುಕಾಲ ಬೆಳೆಸಿ ಬಲಿಷ್ಠನನ್ನಾಗಿ ಮಾಡುವ ಸುಖ ಇಲ್ಲಿ ಲಭಿಸದು. ಮಡಿದವನು ಮರಳಿ ಬಾರನೆಂಬ ಭಯವೇ ಈ ಮಾಲೆಯ ಜೀವಾಳ. ಮುಂದಿನ ವಾರ ಬೇರೆಯವರೇ ಕಾದಾಡುವರೆಂದಾಗ ಆ ಭಯ ಸಡಿಲಗೊಳ್ಳುತ್ತದೆ. ಹಿಂದಿನ ಆಟಗಳನ್ನು ಬಲ್ಲದವನಿಗೆ ಮಿನರ್ವಾ, ಕಾಮ್ಯೂ ಮೊದಲಾದವರು ಬರಿಯ ಹೆಸರುಗಳಾಗಿ ಉಳಿಯುತ್ತಾರೆ.

ಸ್ಯಾಟೆಲ್ಲಾವ್ಯೂ ಸೇವೆ 2000ದ ಜೂನ್ 30ರಂದು ನಿಂತಿತು. ಮುಂದೆ 2010ರಲ್ಲಿ, ಮಾರ್ತ್ ಎಂಬ ನಾಯಕನ ಕಥೆಯನ್ನು ನಿಂಟೆಂಡೊ ಡಿ. ಎಸ್. ಯಂತ್ರಕ್ಕಾಗಿ ಹೊಸದಾಗಿ ರಚಿಸಿದಾಗ, ಈ ನಾಲ್ಕು ಕಂತುಗಳನ್ನೂ ಅದರೊಳಗೆ ಸೇರಿಸಿದರು. ಹಾಗಾದರೆ ಕೃತಿ ಉಳಿಯಿತಲ್ಲವೆ ಎಂದು ಕೇಳಬಹುದು. ಉಳಿದುದು ಕಥೆ, ಪಾತ್ರ, ರಣಭೂಮಿಯ ನಕ್ಷೆ. ಬೇಕಾದಾಗ ನಿಲ್ಲಿಸಿ, ಬೇಕಾದಾಗ ಮುಂದುವರಿಸಬಹುದಾದಲ್ಲಿ ಆ ಒಂದು ಗಂಟೆಯಿಲ್ಲ. ಎಲ್ಲರ ಮನೆಯಲ್ಲೂ ಏಕಕಾಲಕ್ಕೆ ಕೇಳಿಬಂದ ಧ್ವನಿಯಿಲ್ಲ. ಬಳ್ಳಾರಿ ಸೀಮೆಯ ದೊಡ್ಡಾಟದ ಪ್ರಸಂಗವನ್ನು ಅಚ್ಚಿನಲ್ಲಿ ಓದಿದವನು ಪದಗಳನ್ನು ಬಲ್ಲನು. ಭಾಗವತನ ದನಿ, ಮದ್ದಳೆಯ ಪೆಟ್ಟು, ಬೆಳಗಾಗುವ ತನಕ ಕುಳಿತ ಊರು, ಇವನ್ನು ಬಲ್ಲನೆನ್ನಲಾಗದು. ಅಚ್ಚಿನ ಪ್ರಸಂಗವೇ ಆಟವೆಂದು ಎಣಿಸುವುದು ಎಷ್ಟು ತಪ್ಪೋ, 2010ರ ರೂಪವೇ ‘ಅಕನೇಯ ಸೆಂಕಿ’ ಎಂದು ತೀರ್ಮಾನಿಸುವುದೂ ಅಷ್ಟೇ ತಪ್ಪು.

ಉಪಗ್ರಹವನ್ನು ನೆಚ್ಚಿದ ಪ್ರಸಾರದ ಕ್ಷಣಿಕತೆ ನಮ್ಮ ನಾಡಿಗೂ ಹೊಸತಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದಿಂದ ಎರವಲಾಗಿ ಬಂದ ಎ. ಟಿ. ಎಸ್. 6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಶೈಕ್ಷಣಿಕ ದೂರದರ್ಶನ ಪ್ರಸಾರವಾಯಿತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಅವಧಿ ಮುಗಿಯಲು ಉಪಗ್ರಹ ಬೇರೆಡೆಗೆ ಸರಿಯಿತು. ಅಂದು ಊರಿನ ಪೆಟ್ಟಿಗೆಯ ಮುಂದೆ ಕುಳಿತವರ ನೆನಪು ಕಾರ್ಯಕ್ರಮಗಳ ಪಟ್ಟಿಯಷ್ಟೇ ಮುಖ್ಯವಾದ ಆಕರ. ಆ ತಲೆಮಾರು ಇರುವಾಗಲೇ ಅದನ್ನು ಬರೆದಿಟ್ಟುಕೊಳ್ಳಬೇಕು.

ಜಪಾನಿನಲ್ಲಿ ಕೆಲವರು ತಮ್ಮ ಮನೆಯ ವಿಡಿಯೋ ಟೇಪಿನಲ್ಲಿ ಹಿಡಿದಿಟ್ಟುಕೊಂಡುದರಿಂದಲೇ ಆ ಪ್ರಸಾರದ ಸ್ವರೂಪವನ್ನು ಇಂದು ಊಹಿಸಬಹುದಾಗಿದೆ. ರಾಜಾಜ್ಞೆಯಾಗಲಿ ಸಂಸ್ಥೆಯ ಭಂಡಾರವಾಗಲಿ ಅವರ ಬೆನ್ನಿಗೆ ಇರಲಿಲ್ಲ. ತಾಮ್ರಪಟವನ್ನು ಕೊರೆಯಿಸಿದವನಿಗೆ ತನ್ನ ಮಾತು ಉಳಿಯಬೇಕೆಂಬ ಅರಿವಿತ್ತು. ಟೇಪಿಗೆ ಇಳಿಸಿದವನಿಗೆ ತಾನು ಆಕರವೊಂದನ್ನು ಉಳಿಸುತ್ತಿರುವೆನೆಂಬ ಅರಿವು ಬಹುಶಃ ಇರಲಿಲ್ಲ. ಇತಿಹಾಸಕಾರನು ಇಬ್ಬರಿಗೂ ಸಮಾನವಾಗಿ ಋಣಿ.