ಘಾಟಿನ ಬಾಗಿಲು, ಬಿಡದ ಕೆಮ್ಮು

ಮಾವಿನಹಣ್ಣಿನ ಸಾಸಿವೆಗೆಂದು ಸಾಸಿವೆ ಅರೆಯುವಾಗ ಮೂಗಿಗೆ ಸರ್ರನೆ ಏರುವ ಉರಿ, ಒಲೆಯ ಮೇಲೆ ಮರೆತ ಎಣ್ಣೆ ಹೊಗೆಯಾಡಿದಾಗ ಮನೆಮಂದಿಗೆಲ್ಲ ಹತ್ತುವ ಕೆಮ್ಮು, ಎರಡಕ್ಕೂ ನಾವು ಘಾಟು ಎಂದೇ ಹೇಳುತ್ತೇವೆ. ಕನ್ನಡ ಒಂದು ಮಾತಿನಲ್ಲಿ ಹಿಡಿದದ್ದನ್ನು 2004ರಿಂದ ಈಚಿನ ಸಂಶೋಧನೆ ಒಂದು ಪ್ರೋಟೀನಿನಲ್ಲಿ ಗುರುತಿಸಿತು. ಅದರ ಹೆಸರು ಟಿಆರ್‌ಪಿಎ1, ಶ್ವಾಸನಾಳದ ನರತುದಿಗಳಲ್ಲಿರುವ ಒಂದು ಅಯಾನು ಕಾಲುವೆ. ಸಾಸಿವೆಯ ಖಾರವೋ ಹೊಗೆಯಲ್ಲಿನ ಅಕ್ರೋಲೀನೋ ತಾಗಿದರೆ ಅದು ತೆರೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ನರ ಸುದ್ದಿ ಮುಟ್ಟಿಸುತ್ತದೆ, ಕೆಮ್ಮು ಬರುತ್ತದೆ. ಈ ಕಾಲುವೆಯನ್ನು ಮುಚ್ಚಿ ಕೆಮ್ಮು ನಿಲ್ಲಿಸಬಹುದು ಎಂದು ವಾದಿಸಿದ ಒಂದು ಮುಖ್ಯ ಪ್ರಬಂಧ ಬಂದದ್ದು ನಮ್ಮ ಠಾಣೆ ಜಿಲ್ಲೆಯಿಂದಲೇ. ನವಿ ಮುಂಬಯಿಯ ಮಹಾಪೆಯಲ್ಲಿರುವ, ಗ್ಲೆನ್‌ಮಾರ್ಕ್ ಔಷಧ ಕಂಪನಿಯ ಸಂಶೋಧನಾ ಕೇಂದ್ರದ ಇಂದ್ರನೀಲ್ ಮುಖೋಪಾಧ್ಯಾಯ ಮತ್ತು ಸಂಗಡಿಗರು 2014ರಲ್ಲಿ ಅದನ್ನು 'ಪ್ಲಾಸ್ ಒನ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಪ್ರಬಂಧದ ಗಟ್ಟಿತನ ಅದು ಆರಿಸಿಕೊಂಡ ಸಣ್ಣ ಪ್ರಶ್ನೆಯಲ್ಲಿದೆ. ಕೆಮ್ಮನ್ನು ಅಭ್ಯಸಿಸುವವರು ಪ್ರಾಣಿಗಳಿಗಾಗಲಿ ಮನುಷ್ಯರಿಗಾಗಲಿ ಸಿಟ್ರಿಕ್ ಆಮ್ಲದ ಆವಿ ಕೊಟ್ಟು ಕೆಮ್ಮು ತರಿಸುವುದು ಹಳೆಯ ರೂಢಿ. ಆ ಆಮ್ಲ ಟಿಆರ್‌ಪಿಎ1 ಕಾಲುವೆಯನ್ನು ನೇರವಾಗಿ ತೆರೆಯುತ್ತದೆ ಎಂದು ಇವರು ಮೊದಲು ಜೀವಕೋಶಗಳಲ್ಲಿ ತೋರಿಸಿದರು. ಆಮೇಲೆ ತಮ್ಮದೇ ಕೇಂದ್ರದ ಜಿಆರ್‌ಸಿ 17536 ಎಂಬ ಅಣುವನ್ನು ಗಿನಿಹಂದಿಗಳಿಗೆ ಕೊಟ್ಟಾಗ ಕೆಮ್ಮು ಕಡಿಮೆಯಾಯಿತು. ಇಲಿಗಳು ನಮ್ಮ ಹಾಗೆ ಕೆಮ್ಮುವುದಿಲ್ಲವಾದ್ದರಿಂದ ಗಿನಿಹಂದಿಯ ಆಯ್ಕೆ ಸರಿಯಾದದ್ದೇ. ಕಂಪನಿಯ ನೌಕರರು ಕಂಪನಿಯ ಔಷಧವನ್ನೇ ಹೊಗಳಿದರೆ ನಂಬುವುದು ಹೇಗೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಆದರೆ ಆಮ್ಲ ಕಾಲುವೆಯನ್ನು ತೆರೆಯುತ್ತದೆಯೋ ಇಲ್ಲವೋ ಎಂಬುದನ್ನು ಬೇರೆ ಯಾವ ಪ್ರಯೋಗಾಲಯವೂ ತನ್ನ ಮೇಜಿನ ಮೇಲೆ ಪರೀಕ್ಷಿಸಿ ನೋಡಬಹುದು. ಸಂಬಳ ಯಾರದೆಂಬುದಕ್ಕಿಂತ ಹೀಗೆ ಪರೀಕ್ಷೆಗೆ ತೆರೆದಿರುವುದು ನನಗೆ ದೊಡ್ಡದು.

ನನ್ನ ತಕರಾರು ಪ್ರಬಂಧದ ಕೊನೆಯ ಮಾತಿನ ಬಗ್ಗೆ. ಬೇರೆ ಬೇರೆ ಕಾರಣಗಳಿಂದ ಹುಟ್ಟುವ ದೀರ್ಘಕಾಲದ ಕೆಮ್ಮುಗಳೆಲ್ಲ ಬಹುಮಟ್ಟಿಗೆ ಈ ಒಂದು ಕಾಲುವೆಯ ಮೂಲಕವೇ ಹಾಯುತ್ತವೆ, ಹಾಗಾಗಿ ಒಂದೇ ಔಷಧ ಅವಕ್ಕೆಲ್ಲ ಒದಗೀತು ಎಂಬ ಧ್ವನಿ ಅಲ್ಲಿದೆ. ಆರೋಗ್ಯವಾಗಿರುವ ಗಿನಿಹಂದಿ ಆಮ್ಲದ ಆವಿಗೆ ಕೆಲವು ನಿಮಿಷ ಕೆಮ್ಮುವುದಕ್ಕೂ, ವರ್ಷಗಟ್ಟಲೆ ರಾತ್ರಿ ಎದ್ದು ಕೂರಿಸುವ ಕೆಮ್ಮಿಗೂ ನಡುವಿನ ದೂರವನ್ನು ಅದು ಲೆಕ್ಕಕ್ಕೆ ಹಿಡಿಯಲಿಲ್ಲ. ಯಾವ ಮದ್ದಿಗೂ ಬಗ್ಗದ ಕೆಮ್ಮಿನ ರೋಗಿಗಳ ಮೇಲೆ ಇದೇ ಅಣುವನ್ನು ಪ್ರಯೋಗಿಸಿದಾಗ ಕೆಮ್ಮು ಇಳಿಯಲಿಲ್ಲ. ಔಷಧ ನರತುದಿಗೆ ಸಾಕಷ್ಟು ತಲುಪಿರಲಿಕ್ಕಿಲ್ಲ ಎಂದು ಸಮರ್ಥಿಸಿಕೊಳ್ಳಬಹುದು. ಈ ಅಣುವಿನ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಒಣಮೆಣಸಿನ ಖಾರಕ್ಕೆ ತೆರೆಯುವ ಸೋದರ ಕಾಲುವೆ ಟಿಆರ್‌ಪಿವಿ1ರ ಕತೆ ನೋಡಿ. ಡೇವಿಡ್ ಜೂಲಿಯಸ್ 1997ರಲ್ಲಿ ಅದನ್ನು ಕಂಡುಹಿಡಿದು 2021ರ ನೊಬೆಲ್ ಹಂಚಿಕೊಂಡರು. ಅದನ್ನು ಮುಚ್ಚುವ ಔಷಧವನ್ನು ಇಂಥದೇ ಬಗ್ಗದ ಕೆಮ್ಮಿನ ರೋಗಿಗಳಿಗೆ ಕೊಟ್ಟಾಗ ಖಾರದ ಆವಿಯಿಂದ ತರಿಸಿದ ಕೆಮ್ಮು ಕಡಿಮೆಯಾಯಿತು, ಅಂದರೆ ಔಷಧ ತಲುಪಿತ್ತು. ಅದೇ ರೋಗಿಗಳ ದಿನನಿತ್ಯದ ಕೆಮ್ಮು ಮಾತ್ರ ಇದ್ದ ಹಾಗೇ ಇತ್ತು. ಹಾಗೆಂದು ಅಯಾನು ಕಾಲುವೆಗಳ ದಾರಿಯೇ ತಪ್ಪು ಎನ್ನಲಾಗದು. ನಮ್ಮದೇ ಜೀವಕೋಶಗಳು ಹೊರಚೆಲ್ಲುವ ಎಟಿಪಿಗೆ ತೆರೆಯುವ ಪಿ2ಎಕ್ಸ್3 ಕಾಲುವೆಯನ್ನು ತಡೆಯುವ ಗೆಫಾಪಿಕ್ಸಾಂಟ್ ಇಂಥ ಹಟಮಾರಿ ಕೆಮ್ಮನ್ನೇ ಇಳಿಸಿತು, ನಾಲಗೆಯ ರುಚಿ ಕೆಡಿಸಿದರೂ ಜಪಾನಿನಲ್ಲಿ 2022ರಲ್ಲಿ ಒಪ್ಪಿಗೆ ಪಡೆಯಿತು. ಬಿಡದ ಕೆಮ್ಮಿನಲ್ಲಿ ಕೆಟ್ಟಿರುವುದು ಒಳಗಿನ ನರವೇ ಎಂಬ ಕಡೆಗೆ ಈ ಸಾಕ್ಷ್ಯಗಳೆಲ್ಲ ವಾಲುತ್ತವೆ. ಟಿಆರ್‌ಪಿಎ1 ಹೊರಗಿನ ಘಾಟಿಗೆ ಬಾಗಿಲಲ್ಲಿ ನಿಂತ ಕಾವಲುಗಾರ.

ಔಷಧವಾಗಿ ಸೋತ ಮೇಲೆ ಈ ಕೆಲಸದಿಂದ ಏನು ಬಂತು ಎನ್ನುವವರು ಡೊಂಬಿವಲಿಯ ಗಾಳಿಯನ್ನು ನೆನೆಯಬೇಕು. ಟಿಟ್ವಾಳಾದಿಂದ ಲೋಕಲ್ ಹಿಡಿದು ಇತ್ತ ಬರುವವರಿಗೆ ಕಾರ್ಖಾನೆ ವಲಯದ ವಾಸನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 2020ರ ಫೆಬ್ರವರಿಯಲ್ಲಿ ಅಲ್ಲಿನ ಒಂದು ರಸ್ತೆಯೇ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. 1984ರಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಟಿಆರ್‌ಪಿಎ1 ಕಾಲುವೆಯನ್ನು ತೆರೆಯುತ್ತದೆ ಎಂದು ಸ್ವೆನ್-ಎರಿಕ್ ಜೋರ್ಟ್ ತಂಡ 2009ರಲ್ಲಿ ತೋರಿಸಿತು. ಹೀಗಿರುವಾಗ ಸಂಜೆಗೆ ಕಣ್ಣುರಿದು ಗಂಟಲು ಕೆರೆಯುತ್ತದೆ ಎಂದು ದೂರುವವರಿಗೆ, ಅದೆಲ್ಲ ಮನಸ್ಸಿನ ಭ್ರಮೆ ಎಂದು ಯಾರೂ ಹೇಳಿ ಕಳಿಸುವಂತಿಲ್ಲ. ಅವರ ನರತುದಿಯಲ್ಲಿ ಅಳೆಯಬಹುದಾದ ಒಂದು ಘಟನೆ ನಡೆಯುತ್ತಿರಬಹುದು. ಆ ಕಾವಲುಗಾರನ ಬಾಯಿ ಕಟ್ಟುವ ಗುಳಿಗೆ ನಾಳೆ ಯಶಸ್ವಿಯಾದರೂ ಹೊಗೆ ಶ್ವಾಸಕೋಶದೊಳಗೆ ಇಳಿಯುವುದು ನಿಲ್ಲುವುದಿಲ್ಲ. ಮಹಾಪೆಯ ಪ್ರಬಂಧ ಅಂತರಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ನಮ್ಮ ಊರುಗಳ ವೈದ್ಯರು, ವಿಜ್ಞಾನದ ಮೇಷ್ಟ್ರುಗಳು ಅದನ್ನು ಓದಲಿ, ಗಾಳಿಯ ಬಗ್ಗೆ ಬರೆಯುವ ಮುಂದಿನ ದೂರಿನ ಅರ್ಜಿಗೆ ಅದರ ಒಂದು ಪ್ರತಿಯನ್ನು ಲಗತ್ತಿಸಲಿ.