ಒರಳಿನಲ್ಲಿ ಮಂಗರವಳ್ಳಿ

ಮನೆಮನೆಗೆ ಮಿಕ್ಸಿ ಬಂದ ಮೇಲೆ ಕೂಡ್ಲಿಗಿ, ಕೊಟ್ಟೂರು ಕಡೆಯ ಹಿತ್ತಲುಗಳಲ್ಲಿ ಒರಳುಗಳು ಕೆಲಸವಿಲ್ಲದೆ ಬಿದ್ದಿವೆ. ಹೆಚ್ಚೆಂದರೆ ಕೋಳಿಗೆ ನೀರಿಡಲು ಬಳಕೆ. ಸಕ್ಯುಲೆಂಟ್ ಗಿಡ ನೆಡಲು ಅದಕ್ಕಿಂತ ಚೆಂದದ ಪಾತ್ರೆ ನನಗಂತೂ ಕಂಡಿಲ್ಲ. ಈ ಜಾತಿಯ ಬೇರು ಆಳಕ್ಕಿಳಿಯದೆ ಮೇಲುಮೇಲೆ ಹರಡುವಂಥದ್ದು. ಒರಳಿನ ಕುಳಿಯೇ ಧಾರಾಳವಾಯಿತು.

ತೊಡಕು ಒಂದೇ, ತಳದಲ್ಲಿ ತೂತಿಲ್ಲ. ಕಲ್ಲು ಕೊರೆಯುವವರನ್ನು ಕರೆಸಿ, ನೀರು ಹನಿಸುತ್ತ ನಿಧಾನವಾಗಿ ಹೆಬ್ಬೆರಳ ಗಾತ್ರದ ತೂತು ಹಾಕಿಸಿ. ತಳಕ್ಕೆ ಬೆಣಚುಕಲ್ಲು ಸುರಿದರಾಯಿತು ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನೀರು ಆ ಕಲ್ಲಿನ ಸಂದಿಯಲ್ಲೇ ಮಡುಗಟ್ಟಿ ಬೇರು ಕೊಳೆಯುತ್ತದೆ. ಕಬ್ಬಿಣದ ಹಳೆ ಬಾಣಲೆಯೂ ಆದೀತು, ಆದರೆ ನೆರಳಿನಲ್ಲಿ. ಮಾಳಿಗೆಯ ಬಿಸಿಲಿಗಿಟ್ಟರೆ ಬೇರು ಬೆಂದುಹೋಗುತ್ತದೆ. ಮುಚ್ಚಳದ ಗಾಜಿನ ಭರಣಿಯಂತೂ ಬೇಡವೇ ಬೇಡ. ಅದು ಉಪ್ಪಿನಕಾಯಿಗೇ ಇರಲಿ.

ಹರಪನಹಳ್ಳಿ ಸುತ್ತಿನ ಎರೆಮಣ್ಣು ಜೋಳಕ್ಕೆ ಬಂಗಾರ, ಈ ಗಿಡಗಳಿಗೆ ವಿಷ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿದು ಎಳೆಬೇರನ್ನೇ ಹರಿಯುತ್ತದೆ. ಮಸಾರಿ ಮಣ್ಣು ಒಂದು ಪಾಲು; ಗರಸು, ದಪ್ಪ ಮರಳು ಕೂಡಿ ಎರಡು ಪಾಲು. ಹಗರಿಬೊಮ್ಮನಹಳ್ಳಿಯವರಿಗೆ ಇದನ್ನು ಹೊಂದಿಸುವುದು ಕಷ್ಟವೇನಲ್ಲ.

ನರ್ಸರಿಯಲ್ಲಿ ಕಣ್ಸೆಳೆಯುವ ಎಚೆವೇರಿಯ ಮೂಲತಃ ಮೆಕ್ಸಿಕೊ ಕಡೆಯ ಗುಡ್ಡಗಾಡಿನದು. ಹಗಲ ಬಿಸಿಲು ಹೇಗೋ ತಡೆದೀತು, ರಾತ್ರಿಗೆ ತಂಪು ಬೇಕು. ನಮ್ಮ ಏಪ್ರಿಲ್ ರಾತ್ರಿಗಳಲ್ಲಿ ಅದೆಲ್ಲಿಂದ ಬರಬೇಕು? ಬೇಲಿಯ ಮಂಗರವಳ್ಳಿಯನ್ನೇ ಮುರಿದು ತನ್ನಿ. ನಾಲ್ಕು ಏಣಿನ ಹಸಿರು ಕಾಂಡ, ಗೆಣ್ಣುಗೆಣ್ಣಿಗೂ ಸಣ್ಣಗಾಗಿ ಮತ್ತೆ ದಪ್ಪಗಾಗುತ್ತ ಕಲ್ಲಿನ ಅಂಚಿನಿಂದ ಇಳಿಬಿದ್ದರೆ ಥೇಟ್ ಸರಪಳಿ. ಹಿಂದೆ ಒಂದೇ ಒಂದು ಲೋಳೆಸರ ನಿಲ್ಲಿಸಿ. ಮೂರನೆಯದಕ್ಕೆ ಆಸೆಪಡಬೇಡಿ. ಕಾಡುಬಸಳೆಯನ್ನಂತೂ ಹತ್ತಿರ ಸೇರಿಸಬೇಡಿ. ಉದುರಿದ ಎಲೆಯ ಅಂಚಿನಲ್ಲೆಲ್ಲ ಮರಿ ಮೂಡಿ ಒರಳು ಅದರದೇ ಆಗಿಬಿಡುತ್ತದೆ.

ಇನ್ನು ನೀರು. ದಿನವೂ ಮಲ್ಲಿಗೆ ಆರೈಕೆ ಮಾಡಿ ರೂಢಿಯಾದ ಹಡಗಲಿಯ ಕೈಗೆ ಇದೇ ಕಷ್ಟ. ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣೇ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನೋಡಿಲ್ಲವೆ? ಹಗಲು ಎಲೆಯ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುವ ಗಿಡ ಅದು. ಹಾಗಾಗಿ ನೀರಿನ ಖರ್ಚು ಕಡಿಮೆ. ಕುಳಿಯ ಮಣ್ಣು ತಳದವರೆಗೆ ಒಣಗಲಿ, ಆಮೇಲೆ ತೂತಿನಿಂದ ಹರಿದು ಬರುವಷ್ಟು ಹಾಕಿ.

ಪಾಪಾಸುಕಳ್ಳಿಯೇ ಬೇಕೆನ್ನುವವರು ಹತ್ತಿಯಂಥ ಬಿಳಿ ಚುಕ್ಕೆಗಳ ಮೇಲೆ ಕಣ್ಣಿಡಿ. ಹಿಸುಕಿದರೆ ರಕ್ತಗೆಂಪು ಬಣ್ಣ ಬಂತೆಂದರೆ ಅದು ಕಳ್ಳಿಯ ಹುಳು. ಹೊಲಗಳನ್ನು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ಅಡಗಿಸಲು 1926ರಲ್ಲಿ ಶ್ರೀಲಂಕಾದಿಂದ ತರಿಸಿ ದಕ್ಷಿಣ ಭಾರತದಲ್ಲಿ ಬಿಟ್ಟದ್ದು ಇದರ ವಂಶವನ್ನೇ. ಒರಳಿನ ಗಿಡಕ್ಕೆ ಬಂದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ, ವಾರ ಬಿಟ್ಟು ಮತ್ತೊಮ್ಮೆ.